ಸಿಲ್ವರ್ ಡಿಪ್ ಬಾಟ್ಲಿ: ಹಳೇ ಬೆಳ್ಳಿಗೆ ಎಷ್ಟು ಸರಿ?

ಮುಚ್ಚಳ ತೆಗೆದು ಅದ್ದಿ, ಹತ್ತು ಎಣಿಸಿ ಎತ್ತಿದರೆ ಕರ್ರಗಿದ್ದ ಗೆಜ್ಜೆ ಬೆಳ್ಳಗೆ. ಪಾತ್ರೆ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುವ ಸಿಲ್ವರ್ ಡಿಪ್ ಎಂಬ ಬೆಳ್ಳಿ ತೊಳೆಯುವ ದ್ರವ ಮಾರಾಟವಾಗುವುದೇ ಈ ಹತ್ತು ಎಣಿಕೆಯ ಚಮತ್ಕಾರದ ಮೇಲೆ. ಹೊಸ ಕಾಲ್ಗೆಜ್ಜೆಯ ಮಾತು ಬೇರೆ. ಇಲ್ಲಿ ನೋಡಿರುವುದು ಸೆಕೆಂಡ್‌ಹ್ಯಾಂಡ್ ಬೆಳ್ಳಿಗೆ ಇದು ಆಗಿಬರುತ್ತದೆಯೇ ಎಂಬುದನ್ನು. ತುಮಕೂರಿನಲ್ಲಿ ಅಂಥ ಬೆಳ್ಳಿ ಮನೆ ಸೇರುವುದು ಎರಡು ದಾರಿಯಲ್ಲಿ. ಕರಗಿಸಲು ಬಂದ ರಾಶಿಯಿಂದ ಆರಿಸಿಕೊಂಡ ಹಳೇ ಕಡಗ, ಡಾಬು, ಇಷ್ಟಲಿಂಗ ಇಡುವ ಕರಡಿಗೆ ಒಂದು ದಾರಿ. ಅಮೆರಿಕದ ಮಗಳ ಮನೆಗೆ ಆರು ತಿಂಗಳು ಹೋದವರು ಅಲ್ಲಿ ಮನೆಯಂಗಳದಲ್ಲೇ ಹಳೇ ಸಾಮಾನು ಮಾರುವ ಯಾರ್ಡ್ ಸೇಲ್‌ನಲ್ಲಿ ನಾಲ್ಕಾರು ಡಾಲರಿಗೆ ಹೆಕ್ಕಿ ತಂದ ಡಿಸೈನರ್ ಬ್ರೇಸ್‌ಲೆಟ್, ಬ್ರೂಚು, ಉಂಗುರ ಇನ್ನೊಂದು.

ಅಂಕ ಮೊದಲೇ ಹೇಳಿಬಿಡುತ್ತೇವೆ: ಐದಕ್ಕೆ ಎರಡು. ಆ ಎರಡೂ ಸಣ್ಣ ಕೊಂಡಿಯ ಸರಗಳಿಗಾಗಿ ಮಾತ್ರ.

ಅದ್ದುವ ಮುಂಚೆ ಕೈಯಲ್ಲಿರುವುದು ಬೆಳ್ಳಿಯೋ ಗಿಲೀಟೋ ಗೊತ್ತಿರಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ ಹಿಡಿದು ಕೊಕ್ಕೆಯ ಪಕ್ಕ, ಉಂಗುರದ ಒಳಮೈ, ಬ್ರೂಚಿನ ಬೆನ್ನು ನೋಡಿ. 925 ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಇಂಗ್ಲೆಂಡಿನ ಒಡವೆಯಾದರೆ ನಡೆಯುವ ಸಿಂಹದ ಮುದ್ರೆ. ಮೆಕ್ಸಿಕೋದ ಟಾಸ್ಕೋ ಊರಿನ ಕೆಲಸದಲ್ಲಿ ಟಿ ಅಕ್ಷರ, ಇನ್ನೊಂದು ಅಕ್ಷರ, ಆಮೇಲೆ ಒಂದು ಸಂಖ್ಯೆ. ಡೆನ್ಮಾರ್ಕಿನ ಜಾರ್ಜ್ ಜೆನ್ಸನ್ ಒಡವೆಯಲ್ಲಿ ಚುಕ್ಕಿಗಳ ಅಂಡಾಕಾರದೊಳಗೆ ಹೆಸರಿದ್ದರೆ ಅದು 1945ರ ನಂತರದ ಮುದ್ರೆ. ‘ಇಪಿಎನ್‌ಎಸ್’, ‘ಅಲ್ಪಾಕಾ’, ‘ಜರ್ಮನ್ ಸಿಲ್ವರ್’ ಎಂದಿದ್ದರೆ ಆಸೆ ಬಿಡಿ. ಮೊದಲನೆಯದು ಬರೀ ಬೆಳ್ಳಿ ಲೇಪ, ಉಳಿದೆರಡು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಬೆಳ್ಳಿಯ ಸುಳಿವೇ ಇಲ್ಲ. ಅಮೆರಿಕದ ಒಡವೆ ಕಂಪನಿ ಟಿಫಾನಿಯ ಹೆಸರಿರುವ ಹೃದಯದಾಕಾರದ ಬಿಲ್ಲೆಗಳಿಗೆ ನಕಲು ವಿಪರೀತ. ಅಕ್ಷರದ ಅಂಚು ಮಸುಕಾಗಿ, ಸಾಲು ಸೊಟ್ಟಗಿದ್ದರೆ ಅಲ್ಲಿಗೇ ನಿಲ್ಲಿಸಿ.

ನಮ್ಮ ಕಡೆಯ ಹಳೇ ಕಡಗ, ಡಾಬುಗಳಲ್ಲಿ ಹೆಚ್ಚಾಗಿ ಮುದ್ರೆಯೇ ಇರುವುದಿಲ್ಲ. ಅಷ್ಟಕ್ಕೇ ಅದು ಕಲಬೆರಕೆಯಲ್ಲ. ಭಾರತದಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ, ಅದೂ ಕಡ್ಡಾಯವಲ್ಲ.

ಅಯಸ್ಕಾಂತ ಹಿಡಿದು ನೋಡುವವರು ಒಂದು ವಿಷಯ ತಿಳಿದಿರಲಿ. ಅಪ್ಪಟ ಬೆಳ್ಳಿಯ ಬ್ರೇಸ್‌ಲೆಟ್‌ನಲ್ಲೂ ಕೊಕ್ಕೆಯೊಳಗಿನ ಸ್ಪ್ರಿಂಗು ಉಕ್ಕಿನದಾಗಿರಬಹುದು, ಅದು ಅಂಟುತ್ತದೆ. ಇಡೀ ಸರ ಅಂಟಿದರೆ ಮಾತ್ರ ಅನುಮಾನಪಡಿ. ಇತ್ತ ಹಿತ್ತಾಳೆಯೂ ಜರ್ಮನ್ ಸಿಲ್ವರೂ ಅಂಟುವುದಿಲ್ಲ, ಹಾಗಾಗಿ ಅಂಟಲಿಲ್ಲ ಎಂಬುದರಿಂದ ಏನೂ ತೀರ್ಮಾನವಾಗದು.

ಇದಕ್ಕಿಂತ ನಂಬಬಹುದಾದದ್ದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ. ಡಿಪ್ ಬಾಟ್ಲಿಗೆ ಹಾಕುವ ದುಡ್ಡನ್ನು ಇದಕ್ಕೆ ಹಾಕಿ ಎಂಬುದೇ ನಮ್ಮ ಸಲಹೆ. ಒಡವೆಯನ್ನು ಮೊದಲು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿ ಮೇಲೆ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು, ತೊಟ್ಟು ಪಾತ್ರೆ ಸೋಪು ಬೆರೆಸಿ, ಸೊನ್ನೆ ಮಾಡಿ. ಒಡವೆಯನ್ನು ತೆಳು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೂ ಪಕ್ಕಕ್ಕೂ ತಾಕದಂತೆ ಕೈಯಲ್ಲೇ ತೂಗುಬಿಡಿ. ಈಗ ಕಾಣುವ ಸಂಖ್ಯೆಯಿಂದ ಮೊದಲಿನ ತೂಕವನ್ನು ಭಾಗಿಸಿ. 41.40 ಗ್ರಾಂ ಬ್ರೇಸ್‌ಲೆಟ್ ನೀರಿನಲ್ಲಿ 4.00 ತೋರಿಸಿದರೆ ಉತ್ತರ 10.35, ಅಂದರೆ 925 ಬೆಳ್ಳಿಗೆ ಸರಿಹೋಯಿತು. ಅದೇ ತೂಕದ ಜರ್ಮನ್ ಸಿಲ್ವರ್ 4.75ರ ಆಸುಪಾಸು ತೋರಿಸುತ್ತದೆ, ಉತ್ತರ 8.7ಕ್ಕೆ ಇಳಿಯುತ್ತದೆ. ಗುಳ್ಳೆ ಅಂಟಿಕೊಂಡಿದ್ದರೆ ಲೆಕ್ಕ ಕೆಡುತ್ತದೆ, ಅಲ್ಲಾಡಿಸಿ ಬಿಡಿಸಿ. ಕಲ್ಲು ಕೂರಿಸಿದ್ದಕ್ಕೂ, ಒಳಗೆ ಅರಗು ತುಂಬಿದ ಪೊಳ್ಳು ಕಡಗಕ್ಕೂ ಈ ಲೆಕ್ಕ ನಡೆಯುವುದಿಲ್ಲ. ಅಂಥದ್ದಕ್ಕೆ ಒರೆಗಲ್ಲೇ ಗತಿ. ಎಕ್ಸ್‌-ರೇ ಬಿಟ್ಟು ಲೋಹದ ಪಾಲು ಹೇಳುವ ಅಂಗಡಿಯ ಎಕ್ಸ್‌ಆರ್‌ಎಫ್ ಯಂತ್ರ ಓದುವುದು ಮೇಲ್ಪದರವನ್ನಷ್ಟೇ, ದಪ್ಪ ಲೇಪ ಅದನ್ನೂ ಏಮಾರಿಸಬಲ್ಲದು.

ಇನ್ನು ಡಿಪ್. ಈ ಬಗೆಯ ದ್ರವಗಳಲ್ಲಿ ಕೆಲಸ ಮಾಡುವುದು ಸಾಮಾನ್ಯವಾಗಿ ಥಯೋಯೂರಿಯಾ ಮತ್ತು ಒಂದು ಆಮ್ಲ. ಗಾಳಿಯಲ್ಲಿನ ಗಂಧಕ ತಾಗಿ ಬೆಳ್ಳಿ ಮೇಲೆ ಕೂತ ಕಪ್ಪನ್ನು, ಅಂದರೆ ಸಿಲ್ವರ್ ಸಲ್ಫೈಡನ್ನು, ಇದು ಕರಗಿಸಿ ತೆಗೆಯುತ್ತದೆ. ತೊಂದರೆ ಇರುವುದೂ ಅಲ್ಲೇ. ಕೊಳೆಯ ಕಪ್ಪು ಯಾವುದು, ಕುಸುರಿ ಎದ್ದು ಕಾಣಲಿ ಎಂದು ಮಾಡಿದವನೇ ಗೀರುಗಳಲ್ಲಿ ಬಿಟ್ಟ ಕಪ್ಪು ಯಾವುದು ಎಂಬುದು ಬಾಟ್ಲಿಗೆ ತಿಳಿಯದು. ಎಲೆಯ ನರ, ಹಗ್ಗದಂತೆ ಹೆಣೆದ ಬ್ರೇಸ್‌ಲೆಟ್‌ನ ಎಳೆಗಳ ಸಂದು, ಕರಡಿಗೆಯ ಮೇಲಿನ ಬಳ್ಳಿ, ಎಲ್ಲವೂ ಹತ್ತು ಸೆಕೆಂಡಿನಲ್ಲಿ ಸುಣ್ಣ ಬಳಿದ ಗೋಡೆಯಂತೆ ಸಪಾಟು. ಬಣ್ಣ ಬಿಳಿ, ಹೊಳಪು ಮಾತ್ರ ಇಲ್ಲ. ಮೇಲ್ಮೈ ಸೂಕ್ಷ್ಮವಾಗಿ ಒರಟಾಗುವುದರಿಂದ ಮತ್ತೆ ಕಪ್ಪಾಗುವುದೂ ಬೇಗ. ಹಳೇ ಡಿಸೈನರ್ ಒಡವೆ ಕೊಳ್ಳುವವರು ದುಡ್ಡು ಕೊಡುವುದೇ ಆ ನೆರಳು ಬೆಳಕಿಗೆ.

ಮುತ್ತು, ಹವಳ, ಟರ್ಕಾಯ್ಸ್, ಓಪಲ್ ಇರುವ ಒಡವೆಯನ್ನು ಇದರ ಹತ್ತಿರಕ್ಕೂ ಒಯ್ಯಬೇಡಿ. ಮುತ್ತು ಹವಳಗಳನ್ನು ಆಮ್ಲ ತಿನ್ನುತ್ತದೆ, ಉಳಿದೆರಡು ದ್ರವವನ್ನು ಹೀರಿಕೊಳ್ಳುತ್ತವೆ. ಹಿತ್ತಾಳೆ ಕೊಕ್ಕೆಯ ಸರವನ್ನೂ ಅದೇ ಬಾಟ್ಲಿಗೆ ಅದ್ದಬಾರದು. ಹಿಂದಿನ ಒಡವೆಗಳಿಂದ ಕರಗಿದ ಬೆಳ್ಳಿ ಹಿತ್ತಾಳೆಯ ಮೇಲೆ ಕೂತು ಕೊಕ್ಕೆ ಕಲೆಕಲೆಯಾಗುತ್ತದೆ. ಥಯೋಯೂರಿಯಾವನ್ನು ಕ್ಯಾಲಿಫೋರ್ನಿಯಾ ರಾಜ್ಯ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ, ಅಡುಗೆ ಸಿಂಕ್ ಬೇಡ.

ಹಾಗಾದರೆ ಎರಡು ಅಂಕ ಯಾಕೆ? ಬಟ್ಟೆಯೂ ಬ್ರಷ್ಷೂ ಹೋಗದ ಹಾವಿನ ಚರ್ಮದಂಥ ಸರಕ್ಕೆ, ಬಲೆಯಂತೆ ಹೆಣೆದ ಕೆಲಸಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಐದು ಸೆಕೆಂಡ್ ಅದ್ದಿ, ಒಂದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಬೇಕಿದ್ದರೆ ಮತ್ತೆ ಐದು ಸೆಕೆಂಡ್.

ಮಿಕ್ಕೆಲ್ಲಕ್ಕೂ ಗ್ರಂಧಿಗೆ ಅಂಗಡಿಯ ಅಂಟುವಾಳವೇ ಗೆಲ್ಲುತ್ತದೆ. ಬೀಜ ತೆಗೆದ ಏಳೆಂಟು ಕಾಯಿಯನ್ನು ಎರಡು ಲೋಟ ಉಗುರುಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಸೋಸಿ. ಒಡವೆ ಹತ್ತು ನಿಮಿಷ ಅದರಲ್ಲಿರಲಿ. ಆಮೇಲೆ ಮಕ್ಕಳ ಮೆತ್ತನೆ ಟೂತ್‌ಬ್ರಷ್‌ನಲ್ಲಿ ಗೀರಿನ ಉದ್ದಕ್ಕೂ ಉಜ್ಜಿ. ಕುಂಕುಮ, ವಿಭೂತಿ, ಮೈಜಿಡ್ಡು ಎಲ್ಲ ಬಿಡುತ್ತದೆ, ಆಳದ ಕಪ್ಪು ಉಳಿಯುತ್ತದೆ. ಕರಡಿಗೆಯಾದರೆ ಇಷ್ಟಲಿಂಗ ತೆಗೆದಿಟ್ಟೇ ತೊಳೆಯಬೇಕು ಎಂದು ಬೇರೆ ಹೇಳಬೇಕಿಲ್ಲ. ಅರಗು ತುಂಬಿದ್ದಕ್ಕೆ ಬಿಸಿನೀರು ಬೇಡ, ಅರಗು ಮೆತ್ತಗಾಗಿ ಕಡಗ ಸೊಟ್ಟಗಾಗುತ್ತದೆ; ನೆನೆಸಲೂ ಬೇಡ, ಒದ್ದೆ ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಒಣಗಿದ ಮೇಲೆ ಬೆಳ್ಳಿ ಒರೆಸುವ ಪಾಲಿಶ್ ಬಟ್ಟೆಯಿಂದ ಉಬ್ಬುಗಳನ್ನಷ್ಟೇ ನಾಲ್ಕೈದು ಸಲ ಉಜ್ಜಿದರೆ ಕೆಲಸ ಮುಗಿಯಿತು. ಚಿನ್ನದ ನೀರು ಕುಡಿಸಿದ ಭಾಗಕ್ಕೆ ಆ ಬಟ್ಟೆ ತಾಕಿಸಬೇಡಿ, ಬಣ್ಣ ಎದ್ದುಬರುತ್ತದೆ.

ತುಮಕೂರಿನಲ್ಲಿ ಹುಣಸೆಹಣ್ಣಿಗೆ ಬರವಿಲ್ಲ, ಆದರೆ ಅದು ತಾಮ್ರ ಹಿತ್ತಾಳೆಗೆ ಸರಿ. ಬೆಳ್ಳಿಯಲ್ಲಿ ಹಸಿರು ಕಿಲುಬು ಕಂಡ ಜಾಗಕ್ಕಷ್ಟೇ ಅದರ ಉಪಯೋಗ. ಹಲ್ಲುಪುಡಿ ಗೀರು ಬೀಳಿಸುತ್ತದೆ. ಅಲ್ಯುಮಿನಿಯಂ ಫಾಯಿಲ್, ಬಿಸಿನೀರು, ಅಡುಗೆಸೋಡದ ಪ್ರಯೋಗ ನಿಜಕ್ಕೂ ಕಪ್ಪು ತೆಗೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ನಡೆದಿದೆ ಎಂದರ್ಥ. ಆದರೆ ಅದೂ ಗೀರಿನ ಕಪ್ಪನ್ನು ಬಿಡುವುದಿಲ್ಲ, ಗೋಂದಿನಲ್ಲಿ ಕೂರಿಸಿದ ಕಲ್ಲು ಬಿಸಿಗೆ ಸಡಿಲವಾಗುತ್ತದೆ.

ಪೇಟೆಯಲ್ಲಿ ಪಾಲಿಶ್ ಹಾಕಿಸುವುದಾದರೆ ‘ಬಫ್ ಹೊಡೀಬೇಡಿ, ಬರೀ ತೊಳೆದು ಕೊಡಿ’ ಎಂದು ಮೊದಲೇ ಹೇಳಿ, ಎದುರಿಗೇ ತೂಗಿಸಿ. ಬಫ್ ಚಕ್ರಕ್ಕೆ ಕೊಟ್ಟರೆ ಮೊದಲು ಸವೆಯುವುದು ಮುದ್ರೆ. ಅದು ಹೋದರೆ ಡಿಸೈನರ್ ಒಡವೆ ಬರೀ ಗ್ರಾಂ ಲೆಕ್ಕದ ಬೆಳ್ಳಿ.

ಈಗಾಗಲೇ ಅದ್ದಿ ಬೋಳಾಗಿಸಿದ್ದರೆ ದಾರಿಯಿದೆ. ಬಿಸಿಯಿರುವಾಗಲೇ ಬೇಯಿಸಿದ ಮೊಟ್ಟೆಯನ್ನು ಹಿಸುಕಿ, ತಾಕದಂತೆ ಒಡವೆಯೊಂದಿಗೆ ಜಿಪ್ ಕವರಿನಲ್ಲಿ ಮುಚ್ಚಿಡಿ. ಗಂಧಕದ ಆವಿಗೆ ಕೆಲವು ಗಂಟೆಯಲ್ಲಿ ಇಡೀ ಒಡವೆ ಕಪ್ಪಾಗುತ್ತದೆ. ಉಬ್ಬುಗಳನ್ನು ಬಟ್ಟೆಯಲ್ಲಿ ಉಜ್ಜಿ ಬೆಳಗಿಸಿದರೆ ಬಳ್ಳಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕಲ್ಲಿದ್ದರೆ ಇದನ್ನು ಮಾಡಬೇಡಿ.

ಯಾವ ವಿಧಾನವಾದರೂ ಕೊನೆಯ ನೀರು ಬೋರಿನದ್ದಾಗದಿರಲಿ, ಒಣಗಿದಾಗ ಗೀರುಗಳಲ್ಲಿ ಬಿಳಿ ಕಲೆ ಕೂರುತ್ತದೆ. ಫಿಲ್ಟರ್ ನೀರಿನ ಕ್ಯಾನಿನಿಂದ ಒಂದು ಲೋಟ ಸಾಕು. ಎತ್ತಿಡುವಾಗ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರಲ್ಲೂ ಗಂಧಕವಿದೆ. ಜಿಪ್ ಕವರಿನೊಳಗೆ ಒಂದು ತುಂಡು ಸೀಮೆಸುಣ್ಣ ಹಾಕಿಡಿ.