ಬಿರುಗಾಳಿಯ ಮರುದಿನ ಬಂದ ಮರ ತೆರವು ತಂಡ

ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನ ನಮ್ಮ ಮನೆಯ ಕಾಂಪೌಂಡಿನೊಳಗಿದ್ದ ಗುಲ್‌ಮೊಹರ್ ಬುಡಸಮೇತ ಕಿತ್ತುಬಂದು, ಅರ್ಧ ತಾರಸಿಯ ಮೇಲೂ ಅರ್ಧ ವಿದ್ಯುತ್ ತಂತಿಯ ಮೇಲೂ ಒರಗಿತು. ಪಾಲಿಕೆಯವರು ರಸ್ತೆಗೆ ಬಿದ್ದ ಮರಗಳತ್ತ ಮೊದಲು ಗಮನ ಕೊಡುವುದು ಸಹಜವಾದ್ದರಿಂದ ನಾವು ಖಾಸಗಿ ತಂಡವೊಂದನ್ನು ಕರೆಸಿದೆವು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರು ಕೆಲಸ ಆರಂಭಿಸದೆ ಕಾದ ಹೊತ್ತು. ವಿದ್ಯುತ್ ಕಂಪನಿ ಬೆಸ್ಕಾಂನ ಸಹಾಯವಾಣಿ 1912ಕ್ಕೆ ಕರೆ ಮಾಡಿಸಿ, ಲೈನ್‌ಮನ್ ಬಂದು ವಿದ್ಯುತ್ ಕಡಿತವನ್ನು ಖಚಿತಪಡಿಸುವವರೆಗೆ ಅವರು ಗರಗಸವನ್ನು ಮುಟ್ಟಲಿಲ್ಲ. ಭಾರಕ್ಕೆ ಬಾಗಿ ನಿಂತ ಕೊಂಬೆಯನ್ನು ಒಂದೇ ಏಟಿಗೆ ಕತ್ತರಿಸಿದರೆ ಅದು ಬಿಲ್ಲಿನಂತೆ ಚಿಮ್ಮಿ ಕೆಲಸಗಾರನನ್ನೇ ಹೊಡೆಯಬಹುದು. ಆದ್ದರಿಂದ ಮೇಸ್ತ್ರಿಯು ಒತ್ತಡವಿರುವ ಒಳಬದಿಗೆ ಸಣ್ಣ ಕಚ್ಚು ಹಾಕಿ, ಬಳಿಕ ಬಿಗಿದಿರುವ ಹೊರಬದಿಯನ್ನು ಕೊಯ್ದು, ತುಂಡುಗಳನ್ನು ಹಗ್ಗದಲ್ಲಿ ಇಳಿಸಿದನು. ತಾರಸಿಯ ಒಂದು ಹೆಂಚೂ ಒಡೆಯಲಿಲ್ಲ.

ಲೆಕ್ಕದಲ್ಲಿ ಮಾತ್ರ ಈ ಶಿಸ್ತು ಕಾಣಲಿಲ್ಲ. ಫೋನಿನಲ್ಲಿ ಹೇಳಿದ ದರದಲ್ಲಿ ಕೊಂಬೆರೆಂಬೆಗಳ ಸಾಗಣೆಯಾಗಲಿ ಬುಡ ತೆಗೆಯುವುದಾಗಲಿ ಸೇರಿಲ್ಲವೆಂಬುದು ಕೊನೆಗೆ ತಿಳಿಯಿತು. ಬುಡ ಈಗಲೂ ಅಂಗಳದಲ್ಲಿದೆ. ಕೆಳಗೆ ಹಗ್ಗ ಹಿಡಿದ ಹುಡುಗನಿಗೆ ಹೆಲ್ಮೆಟ್ ಇರಲಿಲ್ಲ, ಅದು ಹಣಕ್ಕಿಂತ ದೊಡ್ಡ ಕೊರತೆ. ಪಕ್ಕದಲ್ಲಿ ಗಟ್ಟಿಯಾಗಿ ನಿಂತಿರುವ ಹೊಂಗೆಯನ್ನೂ 'ಇದೇ ಖರ್ಚಿನಲ್ಲಿ' ಉರುಳಿಸುವುದಾಗಿ ತಂಡದವರು ಹೇಳಿದಾಗ, 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅದಕ್ಕೆ ವೃಕ್ಷಾಧಿಕಾರಿಯ ಅನುಮತಿ ಬೇಕೆಂದು ನಾನೇ ನೆನಪಿಸಬೇಕಾಯಿತು. ಮತ್ತೆ ಕರೆಸಬೇಕಾದರೆ ಕರೆಸುತ್ತೇನೆ, ಆದರೆ ದರವನ್ನು ಬರೆಸಿಕೊಂಡ ಮೇಲೆ.