ಟರ್ಕಿ ಕೋಳಿ ಬೆಂತಾ? ಈ ಕಡ್ಡಿಯನ್ನೇ ಕೇಳಿ

ಮಾಂಸಕ್ಕೆ ಚುಚ್ಚಿ ಒಳಗಿನ ಬಿಸಿ ನೋಡುವ ಡಿಜಿಟಲ್ ಥರ್ಮಾಮೀಟರ್ ತರಿಸಿದೆ. ಆನ್‌ಲೈನಿನಲ್ಲಿ 500 ರೂಪಾಯಿ ಒಳಗೇ ಸಿಕ್ಕಿತು. ಒಂದು ತೆಳ್ಳಗಿನ ಸ್ಟೀಲ್ ಕಡ್ಡಿ, ತಲೆಯ ಮೇಲೆ ಪುಟ್ಟ ಪರದೆ, ಎರಡು ಬಟನ್, ಅಷ್ಟೇ. "ಕೋಳಿಗೂ ಜ್ವರ ನೋಡ್ತೀಯಾ?" ಅಂತ ಮನೆಯವರು ನಕ್ಕರು. ನಗಲಿ ಬಿಡಿ. ಕ್ರಿಸ್‌ಮಸ್‌ಗೆ ಟರ್ಕಿ ರೋಸ್ಟ್ ಮಾಡುವವರು ದೊಡ್ಡ ಓವನ್‌ಗೆ ಮೊದಲು ಇದನ್ನು ತಗೊಳ್ಳಬೇಕು ಅನ್ನುವುದು ನನ್ನ ಲೆಕ್ಕ.

ನಮ್ಮದು ಆಲ್ದೂರು ಹತ್ತಿರ ಕಾಫಿ ತೋಟ, ಜೊತೆಗೊಂದು ಹೋಂಸ್ಟೇ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಉಸಿರಾಡಲು ಪುರಸೊತ್ತಿಲ್ಲದ ಹೊತ್ತಿಗೇ ರಜೆಯ ಗೆಸ್ಟ್‌ಗಳೂ ಬರುತ್ತಾರೆ. ಈ ಸಲದ ಕುಟುಂಬಕ್ಕೆ ಟರ್ಕಿಯೇ ಆಗಬೇಕಿತ್ತು. 5 ಕೆಜಿ ಹಕ್ಕಿ ಬೆಂಗಳೂರಿನಿಂದ ಕಲ್ಲಿನ ಹಾಗೆ ಗಟ್ಟಿಯಾಗಿ ಬಂತು. ಅದನ್ನು ಹೊರಗಿಟ್ಟು ಕರಗಿಸಬಾರದು. ಒಳಗೆ ಐಸ್ ಇರುವಾಗಲೇ ಮೇಲಿನ ಮಾಂಸ ಬೆಚ್ಚಗಾಗಿ ಹಾಳಾಗಲು ಶುರುವಾಗುತ್ತದೆ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ತಟ್ಟೆಯ ಮೇಲೆ, 2 ಕೆಜಿಗೆ ಒಂದು ದಿನದಂತೆ ಇಡಬೇಕು.

ಥರ್ಮಾಮೀಟರಿಗೆ ಮೊದಲ ಕೆಲಸ ಸಿಕ್ಕಿದ್ದು ಅಲ್ಲೇ. ಫ್ರಿಜ್ಜಿನಲ್ಲಿದ್ದ ಒಂದು ಲೋಟ ನೀರಿಗೆ ಅದ್ದಿ ನೋಡಿದರೆ 9 ಡಿಗ್ರಿ! ಇರಬೇಕಾದ್ದು 4 ಅಥವಾ ಅದಕ್ಕಿಂತ ಕಡಿಮೆ. ಫ್ರಿಜ್ಜಿನ ತಿರುಗಣೆ ಎಷ್ಟರಲ್ಲಿದೆ ಅಂತ ನಮ್ಮ ಮನೆಯಲ್ಲಿ ಯಾರೂ ನೋಡಿದವರಲ್ಲ.

ಹೊಸ ಥರ್ಮಾಮೀಟರ್ ಸರಿ ಇದೆಯಾ ಅಂತ ನೋಡುವುದು ಸುಲಭ. ಲೋಟದ ತುಂಬ ಪುಡಿ ಐಸ್ ಹಾಕಿ ಸ್ವಲ್ಪ ನೀರು ಬಿಡಿ, ಸೊನ್ನೆ ತೋರಿಸಬೇಕು. ನನ್ನದು ತೋರಿಸಿತು. ಕುದಿಯುವ ನೀರಿನಲ್ಲಿ ಮಾತ್ರ 97ಕ್ಕೆ ನಿಂತಿತು. ಇದನ್ನು ನೋಡಿ ವಾಪಸ್ ಕಳಿಸಬೇಡಿ. ನಮ್ಮ ಕಡೆ ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಎತ್ತರ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಮಂಗಳೂರಿನಲ್ಲಾದರೆ 100 ತೋರಿಸುತ್ತಿತ್ತು.

ಇನ್ನು ರೋಸ್ಟ್. ಓವನ್ 165 ಡಿಗ್ರಿ, ಹೊಟ್ಟೆಗೆ ಏನೂ ತುಂಬಿರಲಿಲ್ಲ. ಮೇಲೆ ಬೆಣ್ಣೆ, ಉಪ್ಪು, ನಮ್ಮ ತೋಟದ್ದೇ ಕಾಳುಮೆಣಸು. (ಸಿಂಕಿನಲ್ಲಿ ತೊಳೆಯಲಿಲ್ಲ. ಹಸಿ ಕೋಳಿ ತೊಳೆದರೆ ರೋಗದ ಕ್ರಿಮಿ ನೀರಿನ ಜೊತೆ ಸಿಡಿದು ಪಕ್ಕದಲ್ಲಿಟ್ಟ ಸೌತೆಕಾಯಿ ಮೇಲೂ ಕೂರುತ್ತದೆ. ಅತ್ತೆಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ.) ಎರಡು ಗಂಟೆ ಕಳೆದ ಮೇಲೆ ಬಾಗಿಲು ತೆಗೆದರೆ ಚರ್ಮ ಚಿನ್ನದ ಬಣ್ಣಕ್ಕೆ ತಿರುಗಿ, ತಟ್ಟೆಯಲ್ಲಿ ಕೊಬ್ಬು ಚಟಪಟ ಅನ್ನುತ್ತಿತ್ತು. ಅತ್ತೆ ಇಣುಕಿ ನೋಡಿ, "ಆಯ್ತಲ್ಲೇ, ತೆಗಿ ಇನ್ನು" ಅಂದರು. ಕಡ್ಡಿಯನ್ನು ತೊಡೆಯ ಒಳಮಗ್ಗುಲಿಗೆ, ಮೂಳೆಗೆ ತಾಗದ ಹಾಗೆ ಚುಚ್ಚಿದೆ. ಅಂಕಿ ಓಡಿ ಓಡಿ 61ರಲ್ಲಿ ನಿಂತಿತು. ಎದೆಯಲ್ಲಿ 68. ಬೇಕಾದ್ದು 74. "ನೋಡಿ ಅತ್ತೆ, ಒಳಗೆ ಇನ್ನೂ ಹಸಿ" ಅಂತ ಪರದೆ ತೋರಿಸಿದೆ. ಕನ್ನಡಕ ತರಿಸಿಕೊಂಡು ಓದಿದರು.

ಎದೆಗೆ ಫಾಯಿಲ್ ಹೊದಿಸಿ ಮತ್ತೆ ಒಳಗಿಟ್ಟೆ. ಇನ್ನೊಂದು ಮುಕ್ಕಾಲು ಗಂಟೆಗೆ ತೊಡೆ, ಎದೆ, ರೆಕ್ಕೆಯ ಬುಡ ಮೂರೂ ಕಡೆ 74 ದಾಟಿತು. 20 ನಿಮಿಷ ಹಾಗೇ ಬಿಟ್ಟು ಕತ್ತರಿಸಿದೆವು. ಎದೆಯ ಮಾಂಸ ಒಣಗಿರಲಿಲ್ಲ. ಟರ್ಕಿ ಅಂದರೆ ನಾರು ಅಂತ ಮೂಗು ಮುರಿಯುವವರು ಗಡಿಯಾರ ನೋಡಿ ಬೇಯಿಸಿದ್ದನ್ನು ತಿಂದಿರುತ್ತಾರೆ, ಅಲ್ವಾ?

ಊಟ ಆದ ಮೇಲೂ ಅರ್ಧಕ್ಕಿಂತ ಜಾಸ್ತಿ ಉಳಿಯಿತು. ನನ್ನ ಪ್ರಕಾರ ಈ ಕಡ್ಡಿ ದುಡ್ಡು ವಸೂಲಿ ಮಾಡಿದ್ದು ಇಲ್ಲಿ. "ಮುಚ್ಚಿಡು ಸಾಕು, ಈ ಚಳಿಗೆ ಏನಾಗತ್ತೆ?" ಅಂದರು ಅತ್ತೆ. ಮಲೆನಾಡಿನ ಎಲ್ಲ ಮನೆಯಲ್ಲೂ ಕೇಳುವ ಮಾತು. ಅಡುಗೆಮನೆಯ ಕಟ್ಟೆ ಮೇಲಿನ ನೀರಿಗೆ ಅದ್ದಿದೆ, 17 ಡಿಗ್ರಿ. ನಮಗೆ ಶಾಲು ಬೇಕು, ಕ್ರಿಮಿಗಳಿಗೆ ಬೇಡ. 4ರಿಂದ 60 ಡಿಗ್ರಿ ತನಕ ಅವು ಬೆಳೆಯುತ್ತಲೇ ಇರುತ್ತವೆ. ಬೆಳಿಗ್ಗೆ ಕುದಿಸಿದರೆ ಆಯ್ತು ಅನ್ನುವಂತೆಯೂ ಇಲ್ಲ. ಕೆಲವು ಕ್ರಿಮಿಗಳು ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಅದಕ್ಕೇ ಎರಡು ಗಂಟೆಯೊಳಗೆ ಮಾಂಸವನ್ನೆಲ್ಲ ಮೂಳೆಯಿಂದ ಬಿಡಿಸಿ, ಅಗಲದ ಡಬ್ಬಿಗಳಲ್ಲಿ ತೆಳ್ಳಗೆ ಹರಡಿ ಫ್ರಿಜ್ಜಿಗಿಟ್ಟೆ. ಮೂರು ನಾಲ್ಕು ದಿನಕ್ಕಾಗುವಷ್ಟು ಕೆಳಗೆ, ಉಳಿದದ್ದು ಫ್ರೀಜರಿಗೆ.

ಮೂಳೆಗಳನ್ನು ಸಾರಿಗೆ ಹಾಕಿದೆ. ದೊಡ್ಡ ಪಾತ್ರೆಯ ಸಾರು ಎಷ್ಟು ನಿಧಾನ ಆರುತ್ತದೆ ಅಂತ ನನಗೆ ಅಂದಾಜೇ ಇರಲಿಲ್ಲ. ಒಲೆ ಆರಿಸಿ ಒಂದು ಗಂಟೆ ಆದರೂ ನಡುವೆ 70ರ ಮೇಲಿತ್ತು. ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಟಬ್ಬಿನಲ್ಲಿಟ್ಟು ಆರಿಸಿದೆ. ಮಾರನೇ ದಿನ ಬಿಡಿಸಿದ ಮಾಂಸಕ್ಕೆ ಖಾರ ಅರೆದು ಹಾಕಿ, ಮತ್ತೆ 74 ದಾಟಿಸಿ, ಕಡುಬಿನ ಜೊತೆ ಬಡಿಸಿದೆ. ರೋಸ್ಟಿಗಿಂತ ಗೆಸ್ಟ್‌ಗಳು ಹೊಗಳಿದ್ದು ಇದನ್ನೇ. ನನಗೇನೂ ಆಶ್ಚರ್ಯವಾಗಲಿಲ್ಲ.

ಕೊರತೆಗಳೂ ಇವೆ. ಡಬ್ಬಿಯಿಂದ ತೆಗೆದಾಗ ಫ್ಯಾರನ್‌ಹೀಟಿನಲ್ಲಿರುತ್ತದೆ. ಬಟನ್ ಒತ್ತಿ ಸೆಲ್ಸಿಯಸ್ಸಿಗೆ ತರಬೇಕು, ಇದು ಇರುವೆ ಗಾತ್ರದ ಅಕ್ಷರದ ಚೀಟಿಯಲ್ಲಿ ಎಲ್ಲೋ ಇದೆ. ತಲೆ ಪ್ಲಾಸ್ಟಿಕ್, ಓವನ್ನಿನೊಳಗೆ ಬಿಡುವಂತಿಲ್ಲ. ಚುಚ್ಚಿ, ಓದಿ, ಹೊರಗೆ ತೆಗೆಯಬೇಕು. ನಲ್ಲಿ ಕೆಳಗೆ ಪೂರ್ತಿ ಹಿಡಿದರೆ ಕೆಡುತ್ತದೆ, ಕಡ್ಡಿಯನ್ನಷ್ಟೇ ಸೋಪು ನೀರಿನಲ್ಲಿ ಉಜ್ಜಿ. ಅರೆಬೆಂದ ಮಾಂಸಕ್ಕೆ ಚುಚ್ಚಿದ್ದನ್ನು ತೊಳೆಯದೆ ಮತ್ತೆ ಚುಚ್ಚಬೇಡಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಜೊತೆಗೆ ಬಂದ ಗುಂಡಿ ಬ್ಯಾಟರಿ ಬೇಗ ಸತ್ತಿತು. ಆಲ್ದೂರಿನಲ್ಲಿ ಹುಡುಕಿ ಸಿಗಲಿಲ್ಲ, ಚಿಕ್ಕಮಗಳೂರಿಗೆ ಹೋದಾಗ ವಾಚ್ ರಿಪೇರಿಯವರ ಹತ್ತಿರ ಎಲ್‌ಆರ್44 ಅಂತ ಕೇಳಿದೆ, ತಕ್ಷಣ ಕೊಟ್ಟರು.