ಝೊಟೆರೊ ಕಲಿಸೋಣವೇ, ಮೆಂಡೆಲೀ ಕಲಿಸೋಣವೇ?

ಶಿಕ್ಷಕ ತರಬೇತಿ ವಿದ್ಯಾರ್ಥಿಗಳಿಗೆ ಉಲ್ಲೇಖ ಜೋಡಿಸುವ ಸಾಫ್ಟ್‌ವೇರ್ ಕಲಿಸಲು ಹೊರಟವರ ಮುಂದೆ ಸಾಮಾನ್ಯವಾಗಿ ಈ ಎರಡು ಹೆಸರು ಬರುತ್ತವೆ. ಎರಡನ್ನೂ ದುಡ್ಡು ಕೊಡದೆ ಬಳಸಬಹುದು. ಎರಡರಲ್ಲೂ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್‌ನ ಉಲ್ಲೇಖ ಬರೆಯುವ ಪದ್ಧತಿ) ಶೈಲಿ ಇದೆ, ಎರಡೂ ವರ್ಡ್ ಜೊತೆ ಕೆಲಸ ಮಾಡುತ್ತವೆ.

ಆನ್‌ಲೈನ್ ಜಾಗ ಮೆಂಡೆಲೀಯಲ್ಲಿ ಜಾಸ್ತಿ. ಅದು ಉಚಿತವಾಗಿ 2 ಜಿಬಿ ಕೊಡುತ್ತದೆ, ಝೊಟೆರೊ ಬರೀ 300 ಎಂಬಿ. ಪಿಡಿಎಫ್ ರಾಶಿ ಹಾಕುವವರಿಗೆ ಅದು ಬೇಗ ತುಂಬುತ್ತದೆ. ಹಾಗಂತ ಹೆದರಬೇಕಿಲ್ಲ, ಫೈಲ್‌ಗಳನ್ನು ಸ್ವಂತ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಬಹುದು. ಮೆಂಡೆಲೀ 2013ರಿಂದ ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಕೈಯಲ್ಲಿದೆ. 2006ರಲ್ಲಿ ಶುರುವಾದ ಝೊಟೆರೊ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ಲಿಬ್ರೆಆಫೀಸ್, ಗೂಗಲ್ ಡಾಕ್ಸ್‌ನಲ್ಲೂ ಅದರಿಂದ ಉಲ್ಲೇಖ ಸೇರಿಸಬಹುದು. ತರಗತಿಯಲ್ಲಿ ಎಲ್ಲರ ಹತ್ತಿರ ವರ್ಡ್ ಇರುವುದಿಲ್ಲ, ಅಲ್ವಾ?

ನನ್ನ ಆಯ್ಕೆ ಝೊಟೆರೊ. ತಪ್ಪು ತಿದ್ದುವುದನ್ನು ಕಲಿಸಲು ಅದು ತುಂಬಾ ಅನುಕೂಲ. ಒಂದು ಲೇಖನವನ್ನು ಬ್ರೌಸರ್‌ನಿಂದ ಸೇರಿಸಿ ನೋಡಿ. ಕೆಲವೊಮ್ಮೆ ಇಂಗ್ಲಿಷ್ ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿ ಬಂದು ಕೂತಿರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಂಟೆನ್ಸ್ ಕೇಸ್’ (ವಾಕ್ಯದಂತೆ ಮೊದಲ ಅಕ್ಷರ ಮಾತ್ರ ದೊಡ್ಡದು) ಆರಿಸಿದರೆ ಎಪಿಎಗೆ ಬೇಕಾದ ರೂಪಕ್ಕೆ ಬರುತ್ತದೆ. ವಿಶೇಷ ನಾಮಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ಮನೆತನದ ಹೆಸರಿಲ್ಲದ ಲೇಖಕರಿದ್ದರೆ ಹೆಸರಿನ ಎರಡು ಖಾನೆಗಳನ್ನು ಒಂದು ಮಾಡುವ ಬಟನ್ನೂ ಅಲ್ಲೇ ಇದೆ. ಸುಮ್ನೆ ಬಟನ್ ಒತ್ತಿಸುವ ಪಾಠಕ್ಕಿಂತ ಈ ತಿದ್ದುವ ಪಾಠಕ್ಕೆ ಹೆಚ್ಚು ಸಮಯ ಕೊಡಿ. ನಾಳೆ ಅವರೇ ಮಕ್ಕಳ ಪ್ರಾಜೆಕ್ಟ್ ತಿದ್ದಬೇಕಾದವರು.

ಎಲ್ಲರೂ ಈಗಾಗಲೇ ವರ್ಡ್ ಮತ್ತು ಮೆಂಡೆಲೀಗೆ ಒಗ್ಗಿಕೊಂಡಿದ್ದರೆ ಮಾತ್ರ ಬದಲಾಯಿಸಲು ಹೋಗಬೇಡಿ.